ಏಳನೇ ಕಾಲಮ್ಮಿನಲ್ಲಿ ನಾನು ಬರೆದದ್ದು

ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ನನ್ನ ಅಕ್ಷರ ದುಂಡಗಿಲ್ಲ. ಒಂಬತ್ತನೇ ತರಗತಿಯ ನಡುವೆ ಶಾಲೆ ಬಿಟ್ಟವಳು ನಾನು. ಎದ್ದು ನಿಂತು ಪಾಠ ಓದು ಎಂದರೆ ಪುಸ್ತಕದಲ್ಲಿ ಮುಖ ಮುಚ್ಚಿಕೊಳ್ಳುತ್ತಿದ್ದೆ. ಮಾತು ಎಲ್ಲಾದರೂ ತಪ್ಪಿದ್ದರೆ ತಿದ್ದಿಕೊಂಡು ಓದಿ. ಸಂಗತಿಗಳನ್ನು ಮಾತ್ರ ಚಿಕ್ಕಮ್ಮನ ಹತ್ತಿರ ಎರಡೆರಡು ಸಲ ಕೇಳಿ ಬರೆದಿದ್ದೇನೆ.

ಚಿಕ್ಕಮ್ಮ ಸರ್ಕಾರಿ ಆಸ್ಪತ್ರೆಯ ಡ್ರೆಸಿಂಗ್ ರೂಮಿನಲ್ಲಿ ಸಹಾಯಕಿ. ಹನ್ನೊಂದು ವರ್ಷದಿಂದ ಹಂಗಾಮಿ. ಬ್ಯಾಂಡೇಜು ಬಟ್ಟೆ ಕತ್ತರಿಸಿ ಮಡಿಸುವುದು, ಸಿಸ್ಟರ್ ಪಟ್ಟಿ ಸುತ್ತುವಾಗ ರೋಗಿಯ ಕಾಲನ್ನೋ ಕೈಯನ್ನೋ ಎತ್ತಿ ಹಿಡಿಯುವುದು, ಹಳೇ ಪಟ್ಟಿಗಳನ್ನು ಹಳದಿ ಬುಟ್ಟಿಗೆ ಹಾಕುವುದು ಅವಳ ಕೆಲಸ. ಆ ಕೋಣೆಯಲ್ಲಿ ಒಂದು ಮಂಚ, ಒಂದು ಟ್ರಾಲಿ, ಸಿಸ್ಟರ್‌ಗೆ ಒಂದು ಕುರ್ಚಿ ಇವೆ. ಸಹಾಯಕಿ ಕೂರುವುದಕ್ಕೆ ಏನೂ ಇಲ್ಲ. ಬೆಳಿಗ್ಗೆ ಎಂಟರಿಂದ ಮಧ್ಯಾಹ್ನ ಮೂರರವರೆಗೆ ನಿಂತೂ ನಿಂತೂ ಅವಳ ಮೀನಖಂಡದ ನರಗಳು ಹಸಿರು ಹುರಿಯಂತೆ ಗಂಟುಕಟ್ಟಿವೆ. ಸಂಜೆ ಅವಳ ಕಾಲನ್ನು ಎರಡು ದಿಂಬಿನ ಮೇಲೆ ಎತ್ತಿಡುವವಳು ನಾನು. ಕೂರಲು ಏನಾದರೂ ಕೊಡಿ ಎಂದು ಅವಳು ನಾಲ್ಕು ಅರ್ಜಿ ಕೊಟ್ಟಿದ್ದಾಳೆ. ಒಂದಕ್ಕೂ ಉತ್ತರ ಬಂದಿಲ್ಲ.

ಆಸ್ಪತ್ರೆಯಲ್ಲಿ ಅವಳನ್ನು ರೂಲ್ಸಕ್ಕ ಎಂದು ಕರೆಯುತ್ತಾರೆ. ನೌಕರರ ನಡವಳಿಕೆ ನಿಯಮಗಳನ್ನು ಮೆಟ್ಟಿಲ ಪಕ್ಕದ ಗೋಡೆಗೆ ಗಾಜು ಹಾಕಿ ತೂಗುಬಿಟ್ಟಿದ್ದಾರೆ. ಅವನ್ನು ನಿಂತು ಪೂರ್ತಿ ಓದಿದವಳು ಅವಳೊಬ್ಬಳೇ ಇರಬೇಕು. ಒಮ್ಮೆ ಅಜ್ಜಿ ಕೈ ಸುಟ್ಟುಕೊಂಡು ಹೋದಾಗ, ಸ್ವಂತ ತಾಯಿಯೆಂದು ಚಿಕ್ಕಮ್ಮ ಅವಳನ್ನು ಸಾಲು ಬಿಟ್ಟು ಮುಂದೆ ಕರೆಯಲಿಲ್ಲ.

"ನಿನ್ನನ್ನ ಹೆತ್ತಿದ್ದಕ್ಕೆ ನನಗೆ ಕೊನೇ ನಂಬರೇನೇ?" ಎಂದು ಅಜ್ಜಿ ಅಲ್ಲೇ ಕೂಗಿದಳಂತೆ.

"ನಂಬರ್ ಬರಲಿ, ಬಾಯ್ತುಂಬ ಅಮ್ಮಾ ಅಂತ ಕರೀತೀನಿ. ಈಗ ಕೂತ್ಕೋ" ಅಂದಳಂತೆ ಇವಳು.

ಈಗ ಸ್ಟೂಲಿನ ವಿಷಯಕ್ಕೆ ಬರುತ್ತೇನೆ. ಒಬ್ಬ ಬಡಗಿ ಪಾದದ ಮೇಲೆ ಉಳಿ ಬೀಳಿಸಿಕೊಂಡು ಮೂರು ವಾರ ಪಟ್ಟಿ ಕಟ್ಟಿಸಿಕೊಳ್ಳಲು ಬಂದ. ಪ್ರತಿ ಸಲ ಅವನ ಹಿಮ್ಮಡಿಯನ್ನು ಎತ್ತಿ ಹಿಡಿದವಳು ಚಿಕ್ಕಮ್ಮ. ಒಂದು ದಿನ ಅವನು, "ಏನಕ್ಕಾ, ಪೆಟ್ಟಾಗಿರೋದು ನನ್ನ ಕಾಲಿಗೆ, ನಡುಗ್ತಿರೋದು ನಿಮ್ಮದು!" ಅಂದ. ಕೊನೆಯ ದಿನ ಜೇಬಿನಿಂದ ದಾರ ತೆಗೆದು, ಅವಳು ಏನು ಎತ್ತ ಎಂದು ಕೇಳುವ ಮೊದಲೇ, ಅವಳ ಮಂಡಿಯಿಂದ ನೆಲದವರೆಗೆ ಅಳೆದುಕೊಂಡ. ತಮಾಷೆ ಎಂದುಕೊಂಡು ಅವಳು ನಕ್ಕಳು. ನಾಲ್ಕು ದಿನ ಬಿಟ್ಟು, ಕಾವಲಿನವನ ಹತ್ತಿರ ಒಂದು ಸ್ಟೂಲು ಇಟ್ಟು ಹೋದ. ಮೂರು ಕಾಲಿನದು, ಕೂರುವಲ್ಲಿ ಸ್ವಲ್ಪ ತಗ್ಗು. ಅವತ್ತು ಅವಳು ಅದರ ಮೇಲೆ ಕೂತೇ ಕೆಲಸ ಮಾಡಿದಳು. ಅಂಗಾಲು ನೆಲಕ್ಕೆ ಸರಿಯಾಗಿ ಊರುತ್ತಿತ್ತು.

ಆ ಸಂಜೆ ನಾನು ದಿಂಬು ತಂದಾಗ ಚಿಕ್ಕಮ್ಮ, "ಇವತ್ತು ಬೇಡ ಕಣೇ" ಅಂದಳು.

ಆಮೇಲೆ ನಿಯಮ ನೆನಪಾಯಿತು. ರೋಗಿಯಿಂದ ಏನನ್ನೂ ತೆಗೆದುಕೊಳ್ಳಬಾರದು. ಬಂದರೆ ಹಿಂತಿರುಗಿಸಬೇಕು, ಆಗದಿದ್ದರೆ ಫಾರಂ ತುಂಬಿ ತಿಳಿಸಬೇಕು. ಮರುದಿನ ಸ್ಟೂಲು ಹೊತ್ತು ಬಡಗಿಯ ಅಂಗಡಿಗೆ ಹೋದೆವು. "ನಿಮ್ಮ ಕಾಲಿನ ಅಳತೆಯದು, ಇನ್ಯಾರಿಗೆ ಆಗುತ್ತೆ? ತಗೊಂಡು ಹೋಗಿ" ಎಂದು ಅವನು ರಂಧ್ರ ಕೊರೆಯುವುದನ್ನು ಮುಂದುವರಿಸಿದ. ಹಾಗಾಗಿ ಫಾರಂ ಮನೆಗೆ ಬಂತು. ಚಿಕ್ಕಮ್ಮನಿಗೆ ಬರೆಯುವುದು ಕಷ್ಟ, ಆದ್ದರಿಂದ ನಾನು ಬರೆದೆ. ಪೆನ್ಸಿಲಿನಲ್ಲಿ ಗೆರೆ ಎಳೆದು, ಬರೆದು, ಗೆರೆ ಅಳಿಸಿದೆ. ಏಳನೇ ಕಾಲಂ: ಯಾರ ಉಪಯೋಗಕ್ಕೆ? ಕೇಳಿದೆ. "ನನಗೆ ಅಂತಲೇ ತಂದ, ಹಾಗೇ ಬರಿ" ಅಂದಳು. ‘ಸಹಾಯಕಿ ಕೂರಲು’ ಎಂದು ಬರೆದೆ.

ಮೂರನೇ ದಿನ ನೋಟಿಸು ಬಂತು. ರೋಗಿಯಿಂದ ಸ್ವಂತ ಉಪಯೋಗಕ್ಕೆ ವಸ್ತು ಪಡೆದ ಬಗ್ಗೆ ಹದಿನೈದು ದಿನದೊಳಗೆ ವಿವರಣೆ ಕೊಡಬೇಕು. ಸ್ಟೂಲು ಉಗ್ರಾಣಕ್ಕೆ ಹೋಯಿತು. ಅದೇ ವಾರ ಖಾಯಂ ಮಾಡುವವರ ಪಟ್ಟಿ ಹೊರಡುವುದಿತ್ತು. ಹನ್ನೊಂದು ವರ್ಷದಲ್ಲಿ ಮೊದಲ ಸಲ ಚಿಕ್ಕಮ್ಮನ ಹೆಸರು ಅದರಲ್ಲಿತ್ತು. ಆದರೆ ವಿಚಾರಣೆ ಇರುವವರ ಹೆಸರನ್ನು ತೆಗೆಯುತ್ತಾರೆ. ರೋಗಿಗಳ ಮನೆಯವರಿಂದ ಚೀಲಗಟ್ಟಲೆ ಹಣ್ಣು ಪಡೆದು ಮನೆಗೆ ಒಯ್ಯುವ ವಾರ್ಡಿನ ಸಹಾಯಕನಿಗೆ ಯಾವ ನೋಟಿಸೂ ಇಲ್ಲ. ಅವನು ಫಾರಂ ತುಂಬಿಲ್ಲವಲ್ಲ.

ಇಬ್ಬರೂ ಕಚೇರಿಗೆ ಹೋದೆವು. ಗುಮಾಸ್ತರು ಫಾರಂ ಎತ್ತಿ ಹಿಡಿದು, "ಇದನ್ನ ಬರೆದ ಪುಣ್ಯಾತ್ಮರು ಯಾರು?" ಅಂದರು. ನಾನು ಶಾಲೆಯಲ್ಲಿ ಎತ್ತಿದಂತೆ ಕೈ ಎತ್ತಿದೆ.

"ಅಲ್ಲಮ್ಮಾ, ‘ಡ್ರೆಸಿಂಗ್ ರೂಮಿನ ಉಪಯೋಗಕ್ಕೆ’ ಅಂತ ಬರೆದಿದ್ರೆ ಇದು ಆಸ್ಪತ್ರೆಗೆ ಬಂದ ದಾನ ಆಗ್ತಿತ್ತು. ಚೀಟಿ ಅಂಟಿಸಿ ಅಲ್ಲೇ ಬಿಡ್ತಿದ್ವಿ. ಇವರು ಆರಾಮಾಗಿ ಅದರ ಮೇಲೇ ಕೂರ್ತಿದ್ರು."

"ಕೂರೋಕೆ ಕೊಡಿ ಅಂತ ನಾಲ್ಕು ಅರ್ಜಿ ಕೊಟ್ಟಿದ್ದೆನಲ್ಲ ಸಾರ್?" ಅಂದಳು ಚಿಕ್ಕಮ್ಮ.

"ಅದು ಬೇರೆ ಫೈಲು."

ಅವರು ಕೆಟ್ಟವರಲ್ಲ. ಹೊಸ ಫಾರಂ ತೆಗೆದು ನನ್ನ ಮುಂದಿಟ್ಟರು. "ಹಳೇದು ಹರಿದುಹಾಕೋಣ. ಶುಕ್ರವಾರ ಪಟ್ಟಿ ಹೊರಡುತ್ತೆ. ಬೇಗ ಬರಿ." ನಾನು ಪೆನ್ನು ಹಿಡಿದೆ. ಚಿಕ್ಕಮ್ಮ ಹಾಳೆಯ ಮೇಲೆ ಕೈ ಇಟ್ಟಳು.

"ಕೋಣೆಗೆ ಅಂತ ಅವನು ಹೇಳಲಿಲ್ಲ ಸಾರ್. ನನ್ನ ಮಂಡಿಗೇ ದಾರ ಹಿಡಿದು ಅಳೆದ."

"ಅದನ್ನ ನೋಡಿದವರು ಯಾರಮ್ಮಾ?"

"ನಾನೇ."

ಗುಮಾಸ್ತರು ಹಣೆ ಚಚ್ಚಿಕೊಂಡರು. ವಾಪಸು ಬರುವಾಗ ಉಗ್ರಾಣದ ಬಾಗಿಲು ತೆರೆದಿತ್ತು. ಉಗ್ರಾಣದವನು ಅದೇ ಸ್ಟೂಲಿನ ಮೇಲೆ ಕೂತು ಪತ್ರಿಕೆ ಓದುತ್ತಿದ್ದ. ‘ವಿಚಾರಣೆಯಲ್ಲಿದೆ’ ಎಂಬ ಚೀಟಿ ಅದರ ಕಾಲಿಗೆ ನೇತಾಡುತ್ತಿತ್ತು.

"ಅಣ್ಣಾ, ಅದು ವಿಚಾರಣೆಯಲ್ಲಿದೆ" ಅಂದಳು ಚಿಕ್ಕಮ್ಮ.

"ಅದನ್ನೇ ಮಾಡ್ತಿದೀನಿ ರೂಲ್ಸಕ್ಕಾ, ಕೂತ್ಕೊಂಡು! ಮಾಡಿದವನು ಒಳ್ಳೇ ಕೆಲಸಗಾರ, ಒಂಚೂರೂ ಅಲ್ಲಾಡಲ್ಲ."

ಮನೆಗೆ ಬಂದು ನಾನು ಜೀವಮಾನದಲ್ಲೇ ಮೊದಲ ಸಲ ಗಟ್ಟಿಯಾಗಿ ಮಾತಾಡಿದೆ. "ಒಂದು ಸಾಲು ಚಿಕ್ಕಮ್ಮಾ! ಒಂದು ಸಾಲು ಬದಲಾಯಿಸಿದ್ರೆ ಕೆಲಸಾನೂ ಸಿಗ್ತಿತ್ತು, ಸ್ಟೂಲೂ ಸಿಗ್ತಿತ್ತು."

ಅವಳು ಸಿಟ್ಟಾಗಲಿಲ್ಲ. "ನಾಳೆ ಯಾರಾದ್ರೂ ಬಡಗಿಯನ್ನ ಕರೆಸಿ ಯಾರಿಗೆ ಕೊಟ್ಟೆ ಅಂತ ಕೇಳಿದ್ರೆ? ಅವನ ಬಾಯಲ್ಲೂ ಸುಳ್ಳು ಹೇಳಿಸಲಾ? ಕೂರೋಕೆ ಕೊಡಬೇಕಾದವರು ಆಸ್ಪತ್ರೆಯವರು. ಅವರು ಕೊಡಲಿಲ್ಲ ಅಂತ ಅವನು ಕೊಟ್ಟ. ಕೋಣೆಗೆ ಬಂತು ಅಂತ ಬರೆದುಕೊಟ್ರೆ, ನನ್ನ ನಾಲ್ಕು ಅರ್ಜಿನೂ ಅಲ್ಲಿಗೆ ಮುಗೀತು."

ಶುಕ್ರವಾರ ಪಟ್ಟಿ ಬಂತು. ಹಣ್ಣಿನ ಚೀಲದವನ ಹೆಸರು ಎರಡನೆಯದು. ಚಿಕ್ಕಮ್ಮನ ಹೆಸರಿಲ್ಲ. ಅವಳು ಮೇಲಿನಿಂದ ಕೆಳಗೆ ಬೆರಳಿಟ್ಟು ಓದಿ, ಮತ್ತೊಮ್ಮೆ ಓದಿ, ಡ್ರೆಸಿಂಗ್ ರೂಮಿಗೆ ಹೋದಳಂತೆ. ಮುಂದಿನ ಪಟ್ಟಿ ಯಾವಾಗ ಎಂದು ಯಾರೂ ಹೇಳುವುದಿಲ್ಲ. ನನಗೆ ಅವಳ ಮೇಲೂ ಸಿಟ್ಟಿದೆ, ನನ್ನ ಕೈಬರಹದ ಮೇಲೂ ಸಿಟ್ಟಿದೆ. ಅವಳು ಪಕ್ಕದಲ್ಲಿ ಇಲ್ಲದಿದ್ದರೆ ಆ ದಿನ ನಾನು ಹೊಸ ಫಾರಂ ತುಂಬಿಬಿಡುತ್ತಿದ್ದೆ. ಅದನ್ನು ಮುಚ್ಚಿಡುವುದಿಲ್ಲ.

ನಿನ್ನೆ ಅವಳು ಹೇಳಿದಂತೆ ವಿವರಣೆ ಬರೆದೆ. ‘ಒಂದು ದಿನ ಅದರ ಮೇಲೆ ಕುಳಿತಿದ್ದೇನೆ’ ಎಂಬುದನ್ನು ಬಿಡೋಣ ಎಂದು ಎಷ್ಟು ಗೋಗರೆದರೂ ಬಿಡಲಿಲ್ಲ. ಜೊತೆಗೆ ಲಗತ್ತಿಸಲು ಹಳೇ ಅರ್ಜಿಗಳ ಪ್ರತಿ ತೆಗೆದು ನೋಡಿದೆ. ನಾಲ್ಕರಲ್ಲಿ ಒಂದರ ಮೇಲೂ ಕಚೇರಿಯ ಮೊಹರಿಲ್ಲ. "ಕೈಗೇ ಕೊಟ್ಟೆ, ತಗೊಂಡ್ರು" ಅಂದಳು. ಗಾಜಿನ ಹಿಂದಿರುವ ನಿಯಮಗಳನ್ನೆಲ್ಲ ಓದಿದವಳಿಗೆ, ಕೊಟ್ಟ ಕಾಗದಕ್ಕೆ ಮೊಹರು ಹಾಕಿಸಿಕೊಳ್ಳಬೇಕೆಂದು ಯಾರೂ ಹೇಳಿಕೊಟ್ಟಿರಲಿಲ್ಲ. ನನಗೆ ಅಳು ಬಂತು.

ವಿವರಣೆ ಕೊಡಲು ನಾಳೆಯೇ ಕೊನೆಯ ದಿನ. ಚಿಕ್ಕಮ್ಮನಿಗೆ ಡ್ಯೂಟಿ ಇದೆ. ಹತ್ತು ಗಂಟೆಗೆ ನಾನೊಬ್ಬಳೇ ಕಚೇರಿಗೆ ಹೋಗಿ, ವಿವರಣೆಯನ್ನೂ ಕುರ್ಚಿಗಾಗಿ ಬರೆದ ಐದನೇ ಅರ್ಜಿಯನ್ನೂ ಕೊಟ್ಟು, ಎರಡರ ಪ್ರತಿಯ ಮೇಲೂ ಮೊಹರು ಹಾಕಿಸಿಕೊಂಡು ಬರುತ್ತೇನೆ.