ಅರ್ಧ ಎಂಟು

1961ರ ಮಾರ್ಚ್ ತಿಂಗಳ ಒಂದು ಗುರುವಾರ ಬೆಳಿಗ್ಗೆ ಎಂಟು ಗಂಟೆಗೆ, ರಾಬರ್ಟ್‌ಸನ್‌ಪೇಟೆಯ ಅಂಚಿನ ಒಂದು ಕಾರ್ಖಾನೆಯಲ್ಲಿ ಲೇತ್ ಕೆಲಸಗಾರನೊಬ್ಬನನ್ನು ತಡವಾಗಿ ಬಂದನೆಂದು ವಾಪಸು ಕಳಿಸಲಾಯಿತು. ಅವನು ಅರ್ಧ ಗಂಟೆ ಮುಂಚೆ ಬಂದಿದ್ದ.

ನಾನು ಅಲ್ಲಿ ಟೈಪಿಸ್ಟ್ ಆಗಿದ್ದೆ. ಪತ್ರಿಕೆ ಸೇರಿದ್ದು ಆಮೇಲೆ. ಪಂಪುಗಳ ಬಿಡಿಭಾಗ ಕಡೆದುಕೊಡುವ ಆ ಕಾರ್ಖಾನೆಗೆ ಆ ವರ್ಷ ಹೊರದೇಶದ ಹೊಸ ಲೇತ್ ಯಂತ್ರ ಬಂದಿತ್ತು. ಅದನ್ನು ಕೂಡಿಸಿ, ನಡೆಸಿ ತೋರಿಸಲು ಜರ್ಮನ್ ಮಾತಾಡುವ ಎಂಜಿನಿಯರ್ ಒಬ್ಬ ಬಂದಿದ್ದ. ಅವನ ದೇಶ ಆಸ್ಟ್ರಿಯಾ. ಮೊದಲ ವಾರ ಎದುರಾದವರಿಗೆಲ್ಲ ತಾನು ಜರ್ಮನ್ ಅಲ್ಲವೆಂದು ತಿದ್ದಿದ. ನಾವು ಜರ್ಮನ್ ದೊರೆ ಎಂದೇ ಕರೆದೆವು. ಅವನೂ ಅಷ್ಟೆ. ನಮ್ಮಲ್ಲಿ ಯಾರು ತಮಿಳರು, ಯಾರು ತೆಲುಗರು, ಯಾರು ಕನ್ನಡದವರು ಎಂದು ಹೋಗುವ ತನಕ ಕೇಳಲಿಲ್ಲ.

ತನಗೆ ಇಂಗ್ಲಿಷ್ ಬರುತ್ತದೆಂದು ದೊರೆ ನಂಬಿದ್ದ. ನಮ್ಮ ಹೆಡ್ ಕ್ಲಾರ್ಕ್ ಕೂಡ ತನ್ನ ಬಗ್ಗೆ ಅದನ್ನೇ ನಂಬಿದ್ದ. ಇಂಗ್ಲಿಷ್ ದೊರೆಗಳ ಕೈಕೆಳಗೆ ವರ್ಷಗಟ್ಟಲೆ ನಿಂತು, ಅವರು ಬಿಟ್ಟುಹೋದ ಒಂದು ಟೈಯನ್ನೂ ಅವರ ಉಚ್ಚಾರಣೆಯನ್ನೂ ಜೋಪಾನ ಮಾಡಿಕೊಂಡಿದ್ದ. ದೊರೆಯ ಮಾತನ್ನು ಕನ್ನಡದಲ್ಲಿ ಹೇಳುವುದು ಅವನ ಹಕ್ಕು. ಬೇರೆಯವರು ಬಾಯಿ ಹಾಕುವಂತಿರಲಿಲ್ಲ.

ಲೇತ್ ಕೆಲಸಗಾರ ಕ್ಯಾಸಂಬಳ್ಳಿ ಕಡೆಯವನು. ಆರು ವರ್ಷದಿಂದ ದಿನಗೂಲಿ. ಹೊಸ ಯಂತ್ರದ ಮೇಲೆ ಒಂದು ತುಂಡು ಸರಿಯಾಗಿ ಕಡೆದು ತೋರಿಸಿದರೆ ಕೆಲಸ ಖಾಯಂ ಎಂದು ಮಾಲೀಕರು ಹೇಳಿದ್ದರು. ಪರೀಕ್ಷೆ ಮಾಡುವವನು ದೊರೆ. ಬುಧವಾರ ಸಂಜೆ ಅವನು ಹೆಡ್ ಕ್ಲಾರ್ಕನಿಗೆ, "ಟುಮಾರೋ, ಹಾಫ್ ಎಯ್ಟ್" ಎಂದ.

"ನಾಳೆ ಎಂಟೂವರೆಗೆ ಬಾರಯ್ಯ," ಎಂದ ಹೆಡ್ ಕ್ಲಾರ್ಕ್. "ಎಣ್ಣೆ ಬಟ್ಟೇಲಿ ಬರಬೇಡ."

"ಎಂಟಕ್ಕೇ ಬಂದಿರ್ತೀನಿ ಸಾಮಿ."

ಇಂಗ್ಲಿಷರ ಬಾಯಲ್ಲಿ ಹಾಫ್ ಎಯ್ಟ್ ಎಂದರೆ ಎಂಟೂವರೆ. ಜರ್ಮನ್ ಮಾತಾಡುವವರಿಗೆ ಅದು ಎಂಟನೆಯ ಗಂಟೆಯ ಅರ್ಧ, ಅಂದರೆ ಏಳೂವರೆ. ಆವತ್ತು ಕಾರ್ಖಾನೆಯಲ್ಲಿ ಇದು ಯಾರಿಗೂ ಗೊತ್ತಿರಲಿಲ್ಲ.

ಗುರುವಾರ ಕೆಲಸಗಾರ ಒಗೆದ ಅಂಗಿ ಹಾಕಿಕೊಂಡು, ಸೈಕಲ್ ತುಳಿದುಕೊಂಡು ಎಂಟಕ್ಕೆ ಬಂದ. ದೊರೆ ಆಗಲೇ ಯಂತ್ರಕ್ಕೆ ಬಟ್ಟೆ ಹೊದಿಸಿದ್ದ. ಕೈಗಡಿಯಾರ ತೋರಿಸಿದ. ಆಮೇಲೆ ತನ್ನ ನೋಟುಬುಕ್ಕು ತೆಗೆದು ಒಂದು ಸಾಲಿನ ಮೇಲೆ ಬೆರಳಿಟ್ಟ. ಅಲ್ಲಿ 7.30 ಎಂದಿತ್ತು.

ಹೆಡ್ ಕ್ಲಾರ್ಕ್ ಅದನ್ನು ನೋಡಿದ. ನಾನೂ ನೋಡಿದೆ.

"ಎಂಟೂವರೆ ಅಂತ ನೀವೇ ಯೋಳಿದ್ದು ಸಾಮಿ," ಎಂದ ಕೆಲಸಗಾರ.

"ಏಳೂವರೆ ಅಂತಲೇ ಹೇಳಿದ್ದು. ಕಿವಿ ಎಲ್ಲಿಟ್ಟಿದ್ದೆ?" ಎಂದ ಹೆಡ್ ಕ್ಲಾರ್ಕ್, ದೊರೆಯ ಕಡೆ ತಿರುಗಿ, ಈ ಜನಕ್ಕೆ ಹೊತ್ತುಗೊತ್ತು ತಿಳಿಯದೆಂದು ಇಂಗ್ಲಿಷಿನಲ್ಲಿ ಸೇರಿಸಿದ. ದೊರೆ ತಲೆಯಾಡಿಸಿದ. ಬಂಗಾರಪೇಟೆಯಲ್ಲಿ ರೈಲಿನಿಂದ ಇಳಿದ ದಿನದಿಂದ ಅವನ ಅಭಿಪ್ರಾಯವೂ ಅದೇ ಆಗಿತ್ತು.

"ಇನ್ನೊಂದ್ ಕಿತ ಕೇಳ್ರಿ ಸಾಮಿ. ಅರ್ಧ ಗಂಟೆ ಸಾಕು ನಂಗೆ."

ಹೇಳಿದ ಹೊತ್ತು ಅಂದರೆ ಹೇಳಿದ ಹೊತ್ತು, ಅದು ತನ್ನ ತತ್ವ ಎಂದ ದೊರೆ. ಹತ್ತು ಗಂಟೆಯವರೆಗೆ ಅವನಿಗೆ ಬೇರೆ ಕೆಲಸವಿರಲಿಲ್ಲ. ಕಾಫಿ ಕುಡಿದ, ತಂಬಾಕು ಸೇದುವ ಪೈಪ್ ತೊಳೆದ.

ಹೊರಗೆ ಹಳೆಯ ಲೇತಿನ ಪಕ್ಕದವನು ಕಾಯುತ್ತಿದ್ದ. "ಏನ್ಲಾ, ಎಂಟೂವರೆ ಓಗಿ ಏಳೂವರೆ ಆಯ್ತಂತೆ? ಏಳೂವರೆ ಅಂದ್ರೆ ಶನಿ ಕಣ್ಲಾ. ಇಡ್ಕಂಡ್ರೆ ಬಿಡ್ತಾನಾ?"

"ಶನಿ ಏಳೂವರೆ ವರ್ಸಕ್ಕಾದ್ರೂ ಬಿಟ್ ಓಯ್ತಾನೆ," ಎಂದ ಇವನು. "ನಮ್ ಕ್ಲಾರ್ಕು ರಿಟೇರ್ ಆಗಾಕೆ ಇನ್ನೂ ಹತ್ತು ವರ್ಸ ಐತೆ."

ಒಗೆದ ಅಂಗಿ ಬಿಚ್ಚಿ ಮೊಳೆಗೆ ಹಾಕಿ, ಹಳೆಯ ಲೇತಿಗೆ ಹೋದ. ಅಭ್ಯರ್ಥಿ ಅರ್ಧ ಗಂಟೆ ತಡವಾಗಿ ಬಂದ, ಶಿಸ್ತಿಲ್ಲ, ಖಾಯಂ ಮಾಡತಕ್ಕದ್ದಲ್ಲ ಎಂದು ಹೆಡ್ ಕ್ಲಾರ್ಕ್ ಹೇಳಿ ಬರೆಸಿದ. ನಾನು ಟೈಪ್ ಮಾಡಿದೆ. ಒಂದು ಅಕ್ಷರವೂ ತಪ್ಪಲಿಲ್ಲ.

ಎರಡು ವಾರದ ನಂತರ ಯಂತ್ರ ನೋಡಲು ಮಾಲೀಕರನ್ನು ಕರೆಯುವಾಗ ದೊರೆ 'ಹಾಫ್ ಟೆನ್' ಎಂದ. ಹೊತ್ತು ಮತ್ತೆ ಕೇಳಿ ಖಚಿತ ಮಾಡಿಕೊಂಡರೆ ತನ್ನ ಇಂಗ್ಲಿಷಿನ ಮಾನ ಹೋಗುತ್ತದೆಂದು ಹೆಡ್ ಕ್ಲಾರ್ಕ್ ಕೇಳಲಿಲ್ಲ, ಹತ್ತೂವರೆ ಎಂದೇ ತಿಳಿಸಿದ. ಮಾಲೀಕರು ಹತ್ತೂವರೆಗೆ ಬಂದರು. ದೊರೆ ಒಂದು ಗಂಟೆ ಬಾಗಿಲಲ್ಲೇ ನಿಂತಿದ್ದ. ಗಡಿಯಾರ ತೋರಿಸಲಿಲ್ಲ, ಕೈ ಕುಲುಕಿದ. ತತ್ವದ ಮಾತು ಬರಲಿಲ್ಲ. ಮಾಲೀಕರು ಕಾಫಿ ಕುಡಿಯುತ್ತ, "ಬಹಳ ಹೊತ್ತಿನಿಂದ ಕಾದಿರಾ?" ಎಂದು ಕೇಳಿದರು. ಒಂಬತ್ತೂವರೆಯಿಂದ ಎಂದ ದೊರೆ. ಅರ್ಧ ಎಂಟಿನ, ಅರ್ಧ ಹತ್ತಿನ ಗುಟ್ಟು ಬಯಲಾಯಿತು. ಮೂವರೂ ನಕ್ಕರು. ಹೆಡ್ ಕ್ಲಾರ್ಕ್ ಎಲ್ಲರಿಗಿಂತ ಜೋರಾಗಿ ನಕ್ಕ. ಬೋಂಡ ತರಿಸಿದರು. ಇನ್ನು ಮುಂದೆ ಹೊತ್ತನ್ನು ಅಂಕಿಯಲ್ಲಿ ಬರೆದೇ ತಿಳಿಸಬೇಕೆಂದು ಸುತ್ತೋಲೆ ಹೊರಟಿತು. ಅದನ್ನೂ ನಾನೇ ಟೈಪ್ ಮಾಡಿದೆ.

ಲೇತ್ ಕೆಲಸಗಾರನ ಮಾತನ್ನು ಯಾರೂ ಎತ್ತಲಿಲ್ಲ. ನಾನೂ ಎತ್ತಲಿಲ್ಲ.

ದೊರೆ ಮೇ ತಿಂಗಳಲ್ಲಿ ಹೊರಟುಹೋದ. 1966ರಲ್ಲಿ ನಾನು ಕಾರ್ಖಾನೆ ಬಿಟ್ಟಾಗ ಕ್ಯಾಸಂಬಳ್ಳಿಯವನು ಹಳೆಯ ಲೇತಿನಲ್ಲೇ, ದಿನಗೂಲಿಯಲ್ಲೇ ಇದ್ದ. ತಡವಾಗಿ ಬಂದನೆಂದು ನಾನು ಟೈಪ್ ಮಾಡಿದ ಆ ಹಾಳೆ ಅವನ ಫೈಲಿನಲ್ಲಿತ್ತು.