ದೇವರಿಗೆ ಥಂಡಿ ಹತ್ತುವ ಮನೆ

ಕೂಸಿಗೆ ಎರೆಯುವ ನೀರು ಎಷ್ಟು ಬಿಸಿ ಇರಬೇಕು ಎಂಬುದಕ್ಕೆ ಯಾವ ಶಾಸ್ತ್ರದಲ್ಲೂ ಅಳತೆಯಿಲ್ಲ. ಇದ್ದರೆ ಅದು ಹೆಂಗಸರ ಮೊಣಕೈಯಲ್ಲಿದೆ. ನನ್ನ ಹೆಂಡತಿ ಶರಣಮ್ಮ ಚಳಿಗಾಲದ ಬೆಳಿಗ್ಗೆ ಹಾಗೆ ಮೊಣಕೈ ಅದ್ದಿ ನೋಡಿ ತಂಬಿಗೆಯಲ್ಲಿ ನೀರು ಒಯ್ಯುತ್ತಿದ್ದಳು. ಅದು ಮೊಮ್ಮಕ್ಕಳಿಗಲ್ಲ, ತನ್ನ ಕೊರಳಿನ ಇಷ್ಟಲಿಂಗಕ್ಕೆ. ಕರಡಿಗೆಯಿಂದ ತೆಗೆದು ಎಡ ಅಂಗೈಯಲ್ಲಿಟ್ಟು, ಬೆಚ್ಚನೆಯ ನೀರೆರೆದು, ಹಳೆಯ ಧೋತರದ ಮೆತ್ತನೆ ಚೂರಿನಿಂದ ಒರೆಸುತ್ತ ಮಾತಿಗಿಳಿಯುತ್ತಿದ್ದಳು: "ತಡಿಯಪಾ, ಜರಾ ತಡಿ. ಥಂಡಿ ಬಿಟ್ಟದ ಖರೆ, ಅದಕ್ಕ ಹಿಂಗ ಮಾರಿ ಮಾಡ್ತಾರೇನು? ಸೊಸಿ ಜ್ವರ ಇಳಸಂತ ನಿನ್ನೆ ಹೇಳಿದ್ದೆ, ಇಳಸಿದ್ಯೇನು? ಹೇಳಿದ ಮಾತು ಕೇಳೂದಿಲ್ಲ, ಮ್ಯಾಲ ಹಟ ಬ್ಯಾರೆ!"

ನಾನು ಆಳಂದದವನು. ಹತ್ತನೆಯ ಇಯತ್ತೆ ಮುಗಿಸಿ ಸರ್ಕಾರಿ ಬಸ್ಸಿನ ಕಂಡಕ್ಟರನಾದೆ. ಅಫಜಲಪುರ, ಜೇವರ್ಗಿ ಎಂದು ಕೂಗುತ್ತಲೇ ಆಯುಷ್ಯದ ಅರ್ಧ ಪಾಲು ಕಳೆದೆ. ದೇವರು ಎಂದರೆ ನನಗೆ ಡಿಪೋ ಮ್ಯಾನೇಜರ್ ಇದ್ದ ಹಾಗೆ. ಹೊತ್ತಿಗೆ ಸರಿಯಾಗಿ ಹಾಜರಾಗಬೇಕು, ಎದುರು ಮಾತಾಡಬಾರದು, ಕರೆದಾಗ ಕೈಕಟ್ಟಿ ನಿಲ್ಲಬೇಕು. ಇದಕ್ಕೆ ದಾಸ್ಯಭಾವ ಎಂಬ ದೊಡ್ಡ ಹೆಸರಿದೆ ಎಂದು ಯಾರೋ ಹೇಳಿದ ಮೇಲಂತೂ ನನ್ನ ಅಂಜಿಕೆಗೆ ಪದವಿ ಸಿಕ್ಕಂತಾಯಿತು. ನನ್ನ ಬಸ್ಸಿನ ಚಾಲಕ ಮಾರುತಿ ಅಫಜಲಪುರದ ಕಡೆಯವನು, ಕೊರಳಲ್ಲಿ ತುಳಸಿಮಣಿ. ಏರಿನಲ್ಲಿ ಗೇರು ಬೀಳದಿದ್ದರೆ, "ಲೇ ವಿಠ್ಠಲಾ, ಟೊಂಕದ ಮ್ಯಾಲ ಕೈ ಇಟ್ಕೊಂಡು ಮಜಾ ನೋಡ್ತಿಯಲ್ಲೋ, ಇಳದು ನೂಕಬಾರದಾ!" ಎಂದು ಗೆಳೆಯನನ್ನು ಬೈದಂತೆ ಬೈಯುತ್ತಿದ್ದ. ಅದನ್ನು ಕೇಳಿ ನಾನು ನಗುತ್ತಿದ್ದೆ. ನಮ್ಮಲ್ಲಿ ಇನ್ನೊಂದು ಭಾವವುಂಟು: ಭಕ್ತನೇ ಹೆಂಡತಿ, ಲಿಂಗವೇ ಗಂಡ. ಖಾಕಿ ತೊಟ್ಟು, ಮೀಸೆ ತಿರುವಿ, ಸೀಟಿ ಊದುವ ನಾನು ಯಾರದೋ ಹೆಂಡತಿ ಎಂದು ನೆನೆದರೆ ಆ ಗಂಡನ ಮೇಲೆ ನನಗೆ ಕನಿಕರವೇ ಬರುತ್ತಿತ್ತು.

ಗೆಳೆಯನಾದರೆ ನಗುತ್ತಿದ್ದೆ, ಗಂಡನಾದರೆ ಕನಿಕರಿಸುತ್ತಿದ್ದೆ. ನನ್ನ ಮನೆಯಲ್ಲೇ ದೇವರು ಕೂಸಾದಾಗ ಮಾತ್ರ ನನಗೆ ನಾಚಿಕೆಯಾಯಿತು. ತಪ್ಪು ಅಲ್ಲಿಂದ ಶುರು.

ಅಂದೋಲಾದಲ್ಲಿ ಬೀಗರ ಮನೆಯ ಪಡಸಾಲೆ. ಊಟವಾದ ಮೇಲೆ ಹಿರಿಯರು ಭಕ್ತಿಯ ವಿಚಾರ ತೆಗೆದಿದ್ದರು. ನನಗೂ ಶಾಣ್ಯಾತನ ತೋರಿಸುವ ತುರಿಕೆ. ಎದ್ದು ನಿಂತು, "ನಮ್ಮ ಮನಿಗೆ ಬರ್ರಿ ಒಮ್ಮೆ. ದೇವರಿಗೆ ಬಿಸಿನೀರು ಆತು, ಈಗ ಕುಲಾವಿ ಹೊಲ್ಯಾಕತ್ತಾಳ. ನಾಳಿಗೆ ತೊಟ್ಟಿಲಾನೂ ಕಟ್ತಾಳ!" ಎಂದೆ. ಪಡಸಾಲೆಗೆ ಪಡಸಾಲೆಯೇ ನಕ್ಕಿತು. ಕುಲಾವಿ ನನ್ನ ಸುಳ್ಳು. ನಗು ಸಾಲದು ಅನ್ನಿಸಿ ಸೇರಿಸಿದ್ದು. ಹೆಂಗಸರ ಸಾಲಿನಲ್ಲಿ ಶರಣಮ್ಮ ಸೆರಗು ಮುಂದೆಳೆದುಕೊಂಡಳು.

ಮರುದಿನದಿಂದ ತಣ್ಣೀರು. ಪೂಜೆ ತಪ್ಪಲಿಲ್ಲ, ಮಾತು ನಿಂತಿತು. ಒಂಬತ್ತು ವರ್ಷ ಅವಳು ನನ್ನಂತೆಯೇ ಪೂಜೆ ಮಾಡಿದಳು; ಅಂದರೆ ಹಾಜರಿ ಹಾಕಿದಳು. ಅವಳಿಗೆ ಬುದ್ಧಿ ಬಂತೆಂದು ನಾನು ಬೀಗಿದೆ. ನಿವೃತ್ತನಾಗಿ ಮನೆ ಸೇರಿ, ದಿನಾ ಎದುರಿಗೆ ಕೂತು ನೋಡಿದಾಗ ತಡೆಯದೆ ಕೇಳಿದೆ, "ಯಾಕ ಬೇ, ಮದಲಿನಂಗ ಮಾತಾಡೂದಿಲ್ಲಲ್ಲ?"

"ನೀವು ನನ್ನ ಶಾಣ್ಯಾ ಮಾಡೀರಲ್ರಿ," ಎಂದಳು. "ಈಗ ಕೈಯಾಗ ಹಿಡದ್ರ ಕಲ್ಲು ಕಲ್ಲಾಗೇ ಕಾಣತದ. ಕಲ್ಲಿನ ಜೋಡಿ ಏನು ಮಾತಾಡ್ಲಿ?"

ಓದುಗರೇ, ಮೂವತ್ತು ವರ್ಷದ ನೌಕರಿಯಲ್ಲಿ ನನ್ನ ಮೇಲೆ ಒಂದು ದೂರೂ ಇರಲಿಲ್ಲ. ಮನೆಯಲ್ಲಿ ಮಾತ್ರ ಒಬ್ಬ ತಾಯಿಯ ಕೈಯಿಂದ ಕೂಸನ್ನು ಕಸಿದಿದ್ದೆ.

ಹೋದ ತಿಂಗಳು ಅದೇ ಅಂದೋಲಾ, ಅದೇ ಪಡಸಾಲೆ, ಹೆಚ್ಚುಕಡಿಮೆ ಅದೇ ಮಂದಿ. ಎದ್ದು ನಿಂತು, ಕುಲಾವಿಯ ಸುಳ್ಳು ಸಮೇತ ಎಲ್ಲ ಒಪ್ಪಿಕೊಂಡೆ. ಜೇವರ್ಗಿಯಿಂದ ಬಂದಿದ್ದ ಹಿರಿಯರೊಬ್ಬರು ಮುಖ ಗಂಟಿಕ್ಕಿದರು. "ಲಿಂಗ ಅಂದ್ರ ನಿರಾಕಾರ್ರಿ. ಅದಕ್ಕ ಥಂಡಿ ಎಲ್ಲಿಂದ ಹತ್ತಬೇಕು?"

"ನೀವು ದಿನಾ ಊದಿನಕಡ್ಡಿ ಹಚ್ತೀರಲ್ರಿ, ನಿರಾಕಾರಕ್ಕ ಮೂಗು ಎಲ್ಲಿಂದ ಬಂತು?" ಎಂದೆ.

"ಕಂಡಕ್ಟರ್ ಸಾಹೇಬ್ರು ಮುಪ್ಪಿನಾಗ ಹೆಂಡ್ತಿ ಸೆರಗು ಹಿಡದಾರ," ಎಂದು ಹಿಂದಿನಿಂದ ಯಾರೋ ಚುಚ್ಚಿದರು.

"ಹೌದ್ರಿ, ಹಿಡದೇನಿ. ಮದಲೇ ಹಿಡೀಬೇಕಾಗಿತ್ತು."

ಈಗಲೂ ಅದನ್ನೇ ಹೇಳುತ್ತೇನೆ. ದೇವರನ್ನು ಒಡೆಯನೆಂದು ಕರೆದವನ ಬೆನ್ನು ಬಾಗಿದರೆ ಭಕ್ತಿ, ಕೂಸೆಂದು ಕರೆದವಳ ಬೆನ್ನು ಬಾಗಿದರೆ ಹುಚ್ಚು ಎನ್ನುವವರು ಎಷ್ಟೇ ಓದಿರಲಿ, ಅವರ ಎದುರು ನಾನು ಇನ್ನು ಕೈಕಟ್ಟಿ ನಿಲ್ಲುವವನಲ್ಲ.

ಗೆದ್ದ ಹುರುಪಿನಲ್ಲಿ ಬಸ್ಸು ಹತ್ತಿದೆ. ಕಿಟಕಿಯ ಪಕ್ಕ ಕೂತ ಶರಣಮ್ಮ ನನ್ನ ಕಡೆ ತಿರುಗಿದಳು. "ಮಂದಿ ಮುಂದ ನಗಿಸಿದ್ದೂ ನೀವೇ, ಮಂದಿ ಮುಂದ ಮಾಫಿ ಕೇಳಿದ್ದೂ ನೀವೇ. ನನ್ನ ಒಮ್ಮೆರ ಕೇಳಿದ್ರೇನು?"



ಮರುದಿನ ಬೆಳಿಗ್ಗೆ ಅವಳ ಪಕ್ಕದಲ್ಲೇ ಕೂತೆ. "ತಪ್ಪಾತು," ಎಂದೆ. ಅವಳು ತಂಬಿಗೆ ಹತ್ತಿರ ಎಳೆದುಕೊಂಡಳು. ನನ್ನ ಲಿಂಗವನ್ನು ಅಂಗೈಯಲ್ಲಿಟ್ಟುಕೊಂಡು, ಜನ್ಮದಲ್ಲಿ ಮೊದಲ ಸಲ ಅದಕ್ಕೆ ನನ್ನದೇ ಮಾತಿನಲ್ಲಿ ಏನಾದರೂ ಹೇಳಲು ಹೊರಟೆ. ಬಂದದ್ದು ಇಷ್ಟು: "ಪರಮಾತ್ಮಾ, ತಾವು ದಯವಿಟ್ಟು..."

"ರಜಾ ಅರ್ಜಿ ಕೊಡಾಕತ್ತೀರೇನ್ರಿ?" ಎಂದಳು.

"ಮತ್ತ ಹ್ಯಾಂಗ ಮಾತಾಡಬೇಕು? ನೀನೇ ತೋರಸು," ಎಂದು ಕೈ ಮುಂದೆ ಮಾಡಿದೆ. ಒಬ್ಬರ ಇಷ್ಟಲಿಂಗ ಇನ್ನೊಬ್ಬರ ಕೈಗೆ ಹೋಗಬಾರದು. ಗಂಡನದು ಹೆಂಡತಿಗೂ ಸಲ್ಲದು. ಅವಳು ಸರಕ್ಕನೆ ಹಿಂದೆ ಸರಿದಳು. "ನಿಮ್ಮದು ನಿಮ್ಮ ಕೈಯಾಗೇ ಇರ್ಲಿ. ಹಿಂಗ ನೋಡ್ರಿ." ತನ್ನದನ್ನು ತೆಗೆದು ಅಂಗೈಯಲ್ಲಿಟ್ಟಳು. "ಬೆರಳು ಹಿಂಗ ಮಡಚ್ರಿ, ಗಾಳಿ ತಾಗಬಾರದು. ಮಾರಿ ಹತ್ತರ ತರ್ರಿ. ಆಮ್ಯಾಲ ಕೇಳ್ರಿ, ಏನಪಾ, ಸಿಟ್ಟು ಬಂದದೇನು? ಬರ್ಲಿ. ನನಗೂ ಬಂದಿತ್ತು. ನಾ ಬಿಟ್ಟೆ ಅಂತ ನೀನೂ ಬಿಡೂದೇನು? ಒಂಬತ್ತು ವರ್ಷದಾಗ ಒಮ್ಮೆರ ಕರೀಬಾರದಾಗಿತ್ತೇನೋ..."

ಅದು ನನಗೆ ಕಲಿಸುವ ದನಿಯಾಗಿರಲಿಲ್ಲ. ನನ್ನ ಅಂಗೈ ಮುಚ್ಚಿಕೊಂಡು, ಸದ್ದಾಗದಂತೆ ಎದ್ದು ಹೊರಗೆ ಹೋದೆ.