ರಟ್ಟಿನ ರಾಕೆಟ್ ಎಷ್ಟು ಸಲ ಹಾರೀತು

ಸರ್ಕಾರಿ ಶಾಲೆಗಳಿಗೆ ವಿಜ್ಞಾನದ ವ್ಯಾನ್ ತೆಗೆದುಕೊಂಡು ಹೋಗುವುದು ನನ್ನ ಕೆಲಸ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲ್ಲೂಕುಗಳು ನಮ್ಮ ಪಾಲಿಗೆ ಬಂದಿವೆ. ವ್ಯಾನಿನಲ್ಲಿ ಇರುವವರು ಇಬ್ಬರೇ, ನಾನು ಮತ್ತು ಡ್ರೈವರ್. ಅವರು ಶಿರಾದವರು, ವಯಸ್ಸಿನಲ್ಲಿ ನನಗಿಂತ ಹಿರಿಯರು. ನಾನು ಅವರನ್ನು ಭಾಯಿ ಅನ್ನುತ್ತೇನೆ, ಅವರು ನನ್ನನ್ನು ಮೇಡಂ ಅನ್ನುತ್ತಾರೆ. ಅಯಸ್ಕಾಂತ, ಮಸೂರ, ಪ್ಲಾಸ್ಟಿಕ್ ಅಸ್ಥಿಪಂಜರ ಎಲ್ಲವನ್ನೂ ತೋರಿಸಿ ಮುಗಿಸಿದ ಮೇಲೆ ಮೈದಾನದಲ್ಲಿ ಒಂದು ರಾಕೆಟ್ ಹಾರಿಸುತ್ತೇವೆ. ಮಕ್ಕಳು ಬೆಳಗಿನಿಂದ ಕಾಯುವುದು ಅದಕ್ಕೇ.

ರಾಕೆಟ್ ಅಂದರೆ ಮೊಳದುದ್ದದ ರಟ್ಟಿನ ಕೊಳವೆ. ತುದಿಗೆ ಪ್ಲಾಸ್ಟಿಕ್ ಮೂತಿ, ಬುಡಕ್ಕೆ ತೆಳು ಮರದ ರೆಕ್ಕೆಗಳು. ಹೆಬ್ಬೆರಳು ಗಾತ್ರದ ಮದ್ದಿನ ಕೊಳವೆಯನ್ನು ಬುಡದಲ್ಲಿ ಸಿಕ್ಕಿಸಿ, ದೂರಕ್ಕೆ ವೈರ್ ಎಳೆದು, ಬ್ಯಾಟರಿಯ ಸ್ವಿಚ್ ಒತ್ತಬೇಕು. ಮೇಲೆ ಹೋದ ಮೇಲೆ ಒಳಗೆ ಇನ್ನೊಂದು ಸಣ್ಣ ಸಿಡಿತ ಆಗುತ್ತದೆ. ಅದು ಮೂತಿಯನ್ನು ಹೊರಕ್ಕೆ ತಳ್ಳಿ ಪ್ಯಾರಾಚೂಟ್ ಬಿಚ್ಚುತ್ತದೆ. ಮದ್ದಿನ ಕೊಳವೆ ಒಂದೇ ಸಲಕ್ಕೆ ಮುಗಿಯಿತು, ರಾಕೆಟ್ ಮಾತ್ರ ಮತ್ತೆ ಮತ್ತೆ ಹಾರಬೇಕು.

"ಮಿಸ್, ಇದು ಎಷ್ಟ್ ಸಲ ಹಾರ್ತೈತೆ?"

ಯಾವ ಊರಿಗೆ ಹೋದರೂ ಯಾರಾದರೊಬ್ಬರು ಇದನ್ನು ಕೇಳಿಯೇ ಕೇಳುತ್ತಾರೆ. "ನಾವು ಚೆನ್ನಾಗಿ ನೋಡಿಕೊಂಡಷ್ಟು ಸಲ" ಎಂದು ನಾನು ಹೇಳುತ್ತಿದ್ದೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಆ ಮಾತು ಹೇಳುವಾಗ ಒಂಥರಾ ಖುಷಿಯಾಗುತ್ತಿತ್ತು. ಆಮೇಲಾಮೇಲೆ ಅದೂ ಅಸ್ಥಿಪಂಜರದ ಮೂಳೆಗಳ ಹೆಸರಿನ ಹಾಗೆ ಬಾಯಿಂದ ತಾನೇ ಉದುರತೊಡಗಿತು. ದಿನವಿಡೀ ಮಾತಾಡಿ ಸ್ವರ ಒಡೆದುಹೋಗಿತ್ತು. ವ್ಯಾನಿನಿಂದ ಇಳಿಯುವಾಗ ಬಾಗಿಲು ಹಿಡಿದುಕೊಂಡು ಮೊದಲು ಬಲಗಾಲು, ಆಮೇಲೆ ನೋಯುವ ಎಡಗಾಲು ಊರುವುದು ಅಭ್ಯಾಸವಾಗಿಬಿಟ್ಟಿತ್ತು.

ರಾಕೆಟ್ಟಿಗೂ ವಯಸ್ಸಾಗಿತ್ತು. ಪ್ರತಿ ಸಲವೂ ಒಳಗಿನ ಸಿಡಿತ ಕೊಳವೆಯ ಗೋಡೆಯನ್ನು ಒಂದಿಷ್ಟು ಸುಡುತ್ತದೆ. ಮೂತಿಯನ್ನೂ ಕೊಳವೆಯನ್ನೂ ಕೂಡಿಸುವ ಎಲಾಸ್ಟಿಕ್ ದಾರ ಕರಕಲಾಗುತ್ತದೆ. ನಮ್ಮ ಕಡೆಯ ಮೈದಾನಗಳಲ್ಲಿ ಹುಲ್ಲೆಲ್ಲಿ? ಗಟ್ಟಿ ನೆಲಕ್ಕೆ ಬಿದ್ದಾಗಲೆಲ್ಲ ರೆಕ್ಕೆ ಮುರಿಯುತ್ತಿತ್ತು. ನಾನು ಅಂಟು ಹಾಕುತ್ತಿದ್ದೆ, ದಾರ ಬದಲಿಸುತ್ತಿದ್ದೆ, ಮೇಲೆ ಬಣ್ಣದ ಟೇಪ್ ಸುತ್ತುತ್ತಿದ್ದೆ. ಹೊಸದು ಬೇಕೆಂದು ಆಫೀಸಿಗೆ ಹೇಳಿದಾಗಲೆಲ್ಲ "ಕಳಿಸ್ತೀವಿ ಮೇಡಂ" ಅನ್ನುತ್ತಿದ್ದರು.

ಆ ವಾರ ಕೊಳಾಲದ ಕಡೆಯ ಒಂದು ಶಾಲೆಯಲ್ಲಿ ಹಾರಿಸಿದಾಗ ಕೊಳವೆಯ ಬಾಯಿ ಉದ್ದಕ್ಕೆ ಸೀಳಿತು. ಸಂಜೆ ಮಧುಗಿರಿಗೆ ವಾಪಸಾಗುವಾಗ ನಾನು ಅದನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದೆ. ಮಾರನೆಯ ದಿನ ಹೋಗಬೇಕಿದ್ದದ್ದು ನಾಗಲಮಡಿಕೆಯ ಆಚೆಗಿನ ಶಾಲೆಗೆ.

"ಭಾಯಿ, ನಾಳೆ ಬರಲ್ಲ ಅಂತ ಫೋನ್ ಮಾಡಿಬಿಡ್ತೀನಿ" ಅಂದೆ.

"ಮಾಡಿ ಮೇಡಂ. ಬ್ಯಾಡ ಅನ್ನಲ್ಲ" ಅಂದರು. ಒಂದು ತಿರುವು ದಾಟಿದ ಮೇಲೆ, "ಹೋದ ವರ್ಷನೂ ಆ ಸ್ಕೂಲಿಗೆ ಇಂಗೇ ಆಯ್ತಲ್ಲ. ಗಾಡಿ ಕೆಟ್ಟು ವಾಪಸ್ ಬಂದ್ಬುಟ್ವಿ" ಅಂದರು.

ನಾನು ಫೋನ್ ಮಾಡಲಿಲ್ಲ. ಮನೆಗೆ ಬಂದು ಸೀಳಿದ ಭಾಗವನ್ನು ಕತ್ತರಿಸಿ ತೆಗೆದೆ. ಪೈಪಿನ ತುಂಡಿಗೆ ಡ್ರಾಯಿಂಗ್ ಹಾಳೆ ಸುತ್ತಿ, ಅಂಟು ಬಳಿದು ಹೊಸ ತುಂಡು ಮಾಡಿ ಹಳೆಯದಕ್ಕೆ ಸೇರಿಸಿದೆ. ಅದು ಫ್ಯಾನಿನ ಕೆಳಗೆ ಒಣಗುತ್ತಿರುವಾಗ ನಾನು ಮಂಡಿಗೆ ಎಣ್ಣೆ ತಿಕ್ಕಿಕೊಳ್ಳುತ್ತಾ ಕೂತಿದ್ದೆ.

ಮಾರನೆಯ ದಿನ ಆ ಶಾಲೆಯ ಮಕ್ಕಳು ನಮ್ಮ ವ್ಯಾನನ್ನು ರಸ್ತೆಯಿಂದಲೇ ಕರೆದುಕೊಂಡು ಬಂದರು. ಮಧ್ಯಾಹ್ನ ಊಟವಾದ ಮೇಲೆ ಎಲ್ಲರನ್ನೂ ವರಾಂಡದಲ್ಲಿ ಕೂರಿಸಿ, ಮೈದಾನದ ಮಧ್ಯೆ ರಾಕೆಟ್ ನಿಲ್ಲಿಸಿದೆವು. ಎಲ್ಲರೂ ಸೇರಿ ಹಿಂದಕ್ಕೆ ಎಣಿಸಿದರು. ಸ್ವಿಚ್ ಒತ್ತಿದೆ. ಅದು ಸೀಟಿ ಹೊಡೆದಂತೆ ನೆಟ್ಟಗೆ ಏರಿತು, ಚುಕ್ಕಿಯಾಯಿತು. ಮಕ್ಕಳು ಕೂಗಿದ ಕೂಗಿಗೆ ಬೇವಿನ ಮರದ ಕಾಗೆಗಳೆಲ್ಲ ಎದ್ದವು. ಮೇಲೆ ಬಿಳಿ ಹೊಗೆಯ ಪುಟ್ಟ ಉಂಡೆ ಕಂಡಿತು. ಮೂತಿ ಬಿಚ್ಚಿಕೊಂಡಿತ್ತು. ಆದರೆ ಪ್ಯಾರಾಚೂಟ್ ಅರಳಲಿಲ್ಲ. ಹಿಂಡಿದ ಬಟ್ಟೆಯ ಹಾಗೆ ಮುದುಡಿಕೊಂಡೇ ಬಂತು. ಗಾಳಿ ಎಳೆದುಕೊಂಡು ಹೋಗಿ ಅದನ್ನು ಕಾಂಪೌಂಡಿನ ಆಚೆ ಬೀಳಿಸಿತು.

ಆಚೆ ಕಡಲೆಕಾಯಿ ಹೊಲ. ಭಾಯಿ ನನಗಿಂತ ಮೊದಲು ಓಡಿದರು. ನಾನು ಕುಂಟುತ್ತಾ ಗೇಟು ದಾಟುವಷ್ಟರಲ್ಲಿ ಹೊಲದಲ್ಲಿ ಗಿಡ ಕೀಳುತ್ತಿದ್ದ ಒಬ್ಬ ಹೆಂಗಸು ಅದನ್ನು ಕೈಯಲ್ಲಿ ಹಿಡಿದುಕೊಂಡು ಎದುರಿಗೇ ಬಂದಳು.

"ಇದೇನ್ ತಲ್ಲೀ ಇದು, ಇಲ್ಲೇ ನನ್ ಪಕ್ಕಕ್ಕೆ ಬಿತ್ತು ಕಣಮ್ಮ. ಒಂದ್ ಗೇಣು ಈಚೆಗ್ ಬಂದಿದ್ರೆ ನನ್ ನೆತ್ತಿಗೆ!" ಎಂದು ಗಡಿ ಸೀಮೆಯ ತೆಲುಗು ಬೆರೆಸಿ ನಕ್ಕಳು.

ನನಗೆ ನಗು ಬರಲಿಲ್ಲ. "ಪೆಟ್ಟೇನಾದ್ರೂ ಆಯ್ತಾ ಅಮ್ಮ?" ಎಂದು ಅವಳ ತಲೆ, ಭುಜ ಎಲ್ಲ ಮುಟ್ಟಿ ನೋಡಿದೆ.

"ಏನಿಲ್ಲ ಬುಡಮ್ಮ. ನೀನ್ಯಾಕೆ ಇಂಗೆ ಗಾಬ್ರಿ ಬೀಳ್ತೀಯ?" ಎಂದು ಅವಳೇ ನನ್ನ ಕೈ ಹಿಡಿದುಕೊಂಡಳು. ಮಣ್ಣು ಮೆತ್ತಿದ ಬೆಚ್ಚಗಿನ ಕೈ.

ಶಾಲೆಗೆ ಹಿಂದಿರುಗುವಾಗ ಕೊಳವೆಯನ್ನು ಹಿಸುಕಿ ನೋಡಿದೆ. ಹಳೆಯ ಭಾಗ ಚಹಾದಲ್ಲಿ ಅದ್ದಿದ ರಸ್ಕಿನಷ್ಟು ಮೆತ್ತಗಾಗಿತ್ತು. ಒಂದು ರೆಕ್ಕೆ ಅಲ್ಲಾಡುತ್ತಿತ್ತು.

ಅಷ್ಟರಲ್ಲಿ ಶಾಲೆಯ ಮುಂದೆ ಒಂದು ಕಾರು ಬಂದು ನಿಂತಿತ್ತು. ಊರಿನ ಹಿರಿಯರೊಬ್ಬರು, ಶಾಲೆಗೆ ಬೆಂಚು ಕೊಡಿಸಿದವರಂತೆ, ರಾಕೆಟ್ ನೋಡಲೆಂದೇ ಬಂದಿದ್ದರು. ಹೆಡ್‌ಮಾಸ್ಟರ್ ಕುರ್ಚಿ ತರಿಸುತ್ತಿದ್ದರು.

"ಏನಮ್ಮಾ, ನಾನ್ ಬರೋಗಂಟ ಕಾಯೋಕಾಗ್ಲಿಲ್ವಾ? ಇನ್ನೊಂದ್ ಸಲ ಬುಡಿ, ನೋಡಾಣ" ಅಂದರು ಅವರು.

"ಆಗಲ್ಲ ಸರ್."

"ಯಾಕಾಗಲ್ಲ? ಮದ್ದು ಇಲ್ವಾ?"

"ಮದ್ದಿದೆ. ರಾಕೆಟ್ ತಡೆಯಲ್ಲ."

ಹೆಡ್‌ಮಾಸ್ಟರ್ ನನ್ನ ಹತ್ತಿರ ಬಂದು, "ಒಂದೇ ಸಲ ಮೇಡಂ, ದೊಡ್ಡೋರು" ಎಂದು ಮೆಲ್ಲಗೆ ಅಂದರು. ಮಕ್ಕಳೂ "ಒಂದೇ ಒಂದ್ ಸಲ ಮಿಸ್" ಎಂದು ರಾಗ ಎಳೆದರು. ಸುಮ್ಮನೆ ಒಪ್ಪಿ, ಸ್ವಿಚ್ ಒತ್ತಿ, ಮನೆಗೆ ಹೋಗಿ ಮಲಗೋಣ ಅನ್ನಿಸುವಷ್ಟು ದಣಿದಿದ್ದೆ. ವಾದ ಮಾಡುವ ಶಕ್ತಿ ನಿಜಕ್ಕೂ ಇರಲಿಲ್ಲ. ಹಾಗಾಗಿ ವಾದ ಮಾಡಲಿಲ್ಲ. ವ್ಯಾನಿನಿಂದ ಕತ್ತರಿ ತರಲು ಭಾಯಿಗೆ ಹೇಳಿದೆ.

"ನಿಜಾನಾ ಮೇಡಂ?" ಎಂದು ಕೇಳಿ ತಂದುಕೊಟ್ಟರು.

ವರಾಂಡದ ಮೆಟ್ಟಿಲ ಮೇಲೆ ಕೂತು ರಾಕೆಟ್ಟನ್ನು ಬುಡದಿಂದ ಬಾಯಿಯವರೆಗೆ ಉದ್ದಕ್ಕೆ ಕತ್ತರಿಸಿದೆ. ಮುಂದಿನ ಸಾಲಿನ ಹುಡುಗಿಯೊಬ್ಬಳು "ಅಯ್ಯೋ, ಕೊಯ್ದ್ಬುಟ್ರು" ಅಂದಳು.

ಕೊಳವೆಯನ್ನು ಪುಸ್ತಕದ ಹಾಗೆ ಬಿಡಿಸಿ ಅವರ ಮುಂದೆ ಹಿಡಿದೆ. ಒಳಗೆಲ್ಲ ಒಲೆಯ ಗೋಡೆಯ ಕಪ್ಪು. ಕೆಲವು ಕಡೆ ರಟ್ಟು ಸುಟ್ಟು ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗಾಗಿ, ಬೆಳಕು ಈಚೆಗೆ ಕಾಣುತ್ತಿತ್ತು. ಹೊರಗಿನ ಬಣ್ಣದ ಟೇಪ್ ಒಂದೇ ಅದನ್ನು ಹಿಡಿದಿಟ್ಟಿತ್ತು. ನಾನು ಪಾಠ ಮಾಡಲಿಲ್ಲ. ಅದನ್ನು ಒಬ್ಬರಿಂದ ಒಬ್ಬರಿಗೆ ದಾಟಿಸಿ ಅಂದೆ. ಬೆರಳು ಹಾಕಿ ಉಜ್ಜಿದರು, ಮೂಸಿದರು, ಮಸಿಯನ್ನು ಒಬ್ಬರ ಕೆನ್ನೆಗೆ ಒಬ್ಬರು ಬಳಿದರು. ಆಮೇಲೆ ಪ್ರಶ್ನೆಗಳು ಶುರುವಾದವು.

"ಮಿಸ್, ಮ್ಯಾಲಿಂದ ನೋಡಿದ್ರೆ ಚೆನ್ನಾಗೇ ಇತ್ತಲ್ಲ?"

"ಕಬ್ಬಿಣದಾಗ್ ಮಾಡಿದ್ರೆ ಸುಡ್ತಿರ್ಲಿಲ್ಲ ಅಲ್ವಾ?"

"ಲೇ, ಕಬ್ಬಿಣ ತಲೆ ಮ್ಯಾಲೆ ಬಿದ್ರೆ ಏನ್ಲಾ ಗತಿ?" ಎಂದು ಆ ಮುಂದಿನ ಸಾಲಿನ ಹುಡುಗಿಯೇ ಉತ್ತರ ಕೊಟ್ಟಳು.

ಅಷ್ಟು ವರ್ಷಗಳಲ್ಲಿ ರಾಕೆಟ್ ಹಾರಿದ ಮೇಲೆ ಮಕ್ಕಳು ಕೈ ತಟ್ಟಿ ಎದ್ದು ಹೋಗುವುದನ್ನಷ್ಟೇ ನಾನು ನೋಡಿದ್ದೆ. ಅಂದು ಬೆಲ್ ಹೊಡೆದರೂ ಯಾರೂ ಏಳಲಿಲ್ಲ. ಆ ಹಿರಿಯರು ಮೊದಲು ಮುಖ ಗಂಟಿಕ್ಕಿಕೊಂಡು ಕೂತಿದ್ದವರು, ಕೊಳವೆ ತಮ್ಮ ಕೈಗೆ ಬಂದಾಗ ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು. "ಪೂರ್ತಿ ಬೆಂದೋಗೈತೆ ಪಾಪ" ಎಂದು ಹಿಂದಕ್ಕೆ ಕೊಟ್ಟು, ಟೀ ಕುಡಿಯದೆ ಹೊರಟುಹೋದರು. ಅವರಿಗೆ ಸಿಟ್ಟು ಇಳಿದಿತ್ತೋ ಇಲ್ಲವೋ ನನಗೆ ಗೊತ್ತಾಗಲಿಲ್ಲ.

ತಿಂಗಳಾದ ಮೇಲೆ ಹೊಸ ರಾಕೆಟ್ ಬಂತು. ಹೊಳೆಯುವ ಕೆಂಪು ಬಣ್ಣ, ಎಲ್ಲೂ ಒಂದು ಗೀರಿಲ್ಲ. ಕೊಡಿಗೇನಹಳ್ಳಿಯ ಹತ್ತಿರದ ಶಾಲೆಯಲ್ಲಿ ಅದರ ಮೊದಲ ಹಾರಾಟ. ಸೊಗಸಾಗಿ ಏರಿತು, ಪ್ಯಾರಾಚೂಟ್ ಪೂರ್ತಿ ಅರಳಿತು. ಅಷ್ಟು ಚೆನ್ನಾಗಿ ಅರಳಿತು ಎಂದರೆ ಗಾಳಿ ಅದನ್ನು ಕೆಳಗೆ ಬಿಡಲೇ ಇಲ್ಲ. ಹಿಂದೂಪುರದ ದಿಕ್ಕಿಗೆ ತೇಲುತ್ತಾ ತೇಲುತ್ತಾ ಹುಣಸೆ ತೋಪುಗಳ ಮೇಲೆ ಹೋಗಿ ಮರೆಯಾಯಿತು. ಭಾಯಿ ವ್ಯಾನ್ ತೆಗೆದುಕೊಂಡು ಸುತ್ತಮುತ್ತಲೆಲ್ಲ ಹುಡುಕಿದರು. ಸಿಗಲಿಲ್ಲ.

"ಹಳೇದು ಎಷ್ಟ್ ಊರು ನೋಡ್ತು ಮೇಡಂ, ಇದು ಒಂದೇ ಊರಿಗೆ ಖತಂ ಆಯ್ತು" ಎಂದು ತಲೆ ಕೊಡವಿದರು.

ನನಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ವಾಪಸಾಗುವಾಗ ವ್ಯಾನಿನಿಂದಲೇ ಆಫೀಸಿಗೆ ಫೋನ್ ಮಾಡಿ ಕಳೆದುಹೋಯಿತೆಂದು ಹೇಳಿದೆ. ಆ ಕಡೆಯವರು "ಕಳಿಸ್ತೀವಿ ಮೇಡಂ" ಅಂದರು. ನಾನು ಸೀಟನ್ನು ಹಿಂದಕ್ಕೆ ವಾಲಿಸಿ ಕಣ್ಣು ಮುಚ್ಚಿದೆ. ಮಧುಗಿರಿ ಬಂದಾಗ ಭಾಯಿಯೇ ಎಬ್ಬಿಸಿದರು.